ಐಸ್‌ಲೆಂಡಿನ ವರ್ತುಲ ರಸ್ತೆ: ಸ್ವಂತ ಚಾಲನೆ, ಸ್ವಂತ ಹೊಣೆ

ನಿವೃತ್ತಿಯ ಬಳಿಕ ವಿದೇಶ ಪ್ರವಾಸಕ್ಕೆ ಹೊರಡುವವರ ಸಂಖ್ಯೆ ನನ್ನ ಓರಗೆಯವರಲ್ಲಿ ಈಚೆಗೆ ಬಹಳ ಹೆಚ್ಚಿದೆ. ಮಕ್ಕಳು ದೂರದೇಶಗಳಲ್ಲಿ ನೆಲೆಸಿರುವುದು ಇದಕ್ಕೊಂದು ಕಾರಣವಾದರೆ, ಕೈಯಲ್ಲಿ ಒಂದಿಷ್ಟು ಹಣವೂ ಕಾಲಿನಲ್ಲಿ ಒಂದಿಷ್ಟು ಶಕ್ತಿಯೂ ಉಳಿದಿರುವುದು ಇನ್ನೊಂದು ಕಾರಣ. 2023ರ ಜೂನಿನಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳು ಮತ್ತು ಅಳಿಯನೊಡನೆ ಐಸ್‌ಲೆಂಡನ್ನು ಕಾರಿನಲ್ಲಿ ಸುತ್ತಿ ಬಂದೆವು. ಅಂದಿನಿಂದ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಅಲ್ಲಿಗೆ ಪ್ರವಾಸಿ ತಂಡದೊಡನೆ ಹೋಗುವುದು ಲೇಸೋ, ಕಾರು ಬಾಡಿಗೆಗೆ ಪಡೆದು ನಾವೇ ಹೋಗುವುದು ಲೇಸೋ?”

ನನ್ನ ಉತ್ತರ ಇಷ್ಟೇ. ಹೊರಡುವ ಮೊದಲು ಓದುವ ತಾಳ್ಮೆ, ಹೊರಟ ಮೇಲೆ ಯೋಜನೆಯನ್ನು ಬದಲಿಸುವ ಮನಸ್ಸು, ಇವೆರಡೂ ಇದ್ದರೆ ನೀವೇ ಹೋಗಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ತಂಡದೊಡನೆ ಹೋಗಿ. ‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಎರಡನ್ನೂ ಜೊತೆಯಾಗಿ ಹೇಳಿದ್ದಾರೆ. ಐಸ್‌ಲೆಂಡಿನಂಥ ದೇಶದಲ್ಲಿ ಕೋಶ ಓದದೆ ದೇಶ ಸುತ್ತಲು ಹೊರಡುವುದು ಕೇವಲ ಅಜ್ಞಾನವಲ್ಲ, ಅದು ಅಪಾಯ. ಹೀಗೆ ಹೇಳಲು ಕಾರಣವೇನೆಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಮೊದಲು ದೇಶದ ಪರಿಚಯ. ಐಸ್‌ಲೆಂಡಿನ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷದೊಳಗೆ. ಅವರಲ್ಲಿ ಬಹುಪಾಲು ಜನ ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಸುತ್ತಮುತ್ತ ವಾಸಿಸುತ್ತಾರೆ. ದೇಶದ ನಡುಭಾಗ ಹಿಮನದಿ, ಜ್ವಾಲಾಮುಖಿ, ಕಲ್ಲುಮರಳುಗಳ ನಿರ್ಜನ ಪ್ರದೇಶ. ಜನವಸತಿಯೆಲ್ಲ ಕರಾವಳಿಯ ಅಂಚಿನಲ್ಲಿ. ಈ ಅಂಚನ್ನು ಬಳಸಿಕೊಂಡು ದೇಶವನ್ನು ಒಂದು ಸುತ್ತು ಹಾಕುವುದೇ ಒಂದನೇ ಸಂಖ್ಯೆಯ ಹೆದ್ದಾರಿ, ಜನರು ಕರೆಯುವಂತೆ ವರ್ತುಲ ರಸ್ತೆ. ಉದ್ದ ಸುಮಾರು 1,320 ಕಿಲೋಮೀಟರ್.

ಭೂಗೋಳದ ಅಧ್ಯಾಪಕನಾಗಿ ನಾನು ಅಟ್ಲಾಂಟಿಕ್ ಮಧ್ಯದ ಏಣನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಉತ್ತರ ಅಮೆರಿಕದ ಫಲಕವೂ ಯುರೇಷಿಯಾದ ಫಲಕವೂ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಂತೆ ದೂರ ಸರಿಯುತ್ತಿವೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಏಣು ಸಮುದ್ರದಿಂದ ಮೇಲೆದ್ದು ನೆಲವಾಗಿ ಕಾಣುವ ದೊಡ್ಡ ಭೂಭಾಗವೇ ಐಸ್‌ಲೆಂಡ್. ಅಲ್ಲಿನ ರಸ್ತೆಯ ಸ್ವಭಾವವನ್ನು ಅರಿಯಬೇಕಾದರೆ ಈ ಒಂದು ಸಂಗತಿ ಸಾಕು: ನೆಲವೇ ಸ್ಥಿರವಲ್ಲದ ಕಡೆ ರಸ್ತೆ ಸ್ಥಿರವಾಗಿರುವುದಾದರೂ ಹೇಗೆ?

ವರ್ತುಲ ಪೂರ್ಣವಾದದ್ದು 1974ರಲ್ಲಿ, ಆ ದೇಶದ ಜನ ತಮ್ಮ ನೆಲೆಯ 1,100ನೇ ವರ್ಷವನ್ನು ಆಚರಿಸಿದಾಗ. ಅಲ್ಲಿಯವರೆಗೆ ದಕ್ಷಿಣದ ಸ್ಕೇದಾರಾರ್‌ಸಾಂದುರ್ ಎಂಬ ಮರಳುಬಯಲಿನ ಹುಚ್ಚು ನದಿಗಳನ್ನು ದಾಟುವ ಸೇತುವೆಗಳಿರಲಿಲ್ಲ. ಕಟ್ಟಿದ ಇಪ್ಪತ್ತೆರಡು ವರ್ಷಗಳಲ್ಲಿ, 1996ರ ನವೆಂಬರಿನಲ್ಲಿ, ವಾತ್ನಾಯೋಕುತ್ಲ್ ಹಿಮರಾಶಿಯ ಅಡಿಯಲ್ಲಾದ ಜ್ವಾಲಾಮುಖಿಯ ಸ್ಫೋಟದಿಂದ ಕರಗಿದ ನೀರು ಒಮ್ಮೆಗೇ ನುಗ್ಗಿತು. ಒಂದು ಸೇತುವೆ ಕೊಚ್ಚಿಹೋಯಿತು, ಮತ್ತೊಂದರ ಭಾಗ ನಾಶವಾಯಿತು. ತಿರುಚಿಕೊಂಡ ಉಕ್ಕಿನ ತೊಲೆಗಳನ್ನು ಇಂದಿಗೂ ರಸ್ತೆಯ ಬದಿಯಲ್ಲಿ ಸ್ಮಾರಕದಂತೆ ಇರಿಸಿದ್ದಾರೆ. ಮುಂದೆ ಹಿಮನದಿಯೇ ಹಿಂದೆ ಸರಿದು, ನದಿ ಪಾತ್ರ ಬದಲಿಸಿ, ಅಲ್ಲಿನ ಅತಿ ಉದ್ದದ ಸೇತುವೆ ಒಣಮರಳಿನ ಮೇಲೆ ನಿಂತಿತು. 2017ರಲ್ಲಿ ರಸ್ತೆಯನ್ನು ಪಕ್ಕಕ್ಕೆ ತಿರುಗಿಸಿ ಒಂದು ಚಿಕ್ಕ ಸೇತುವೆಯನ್ನು ಕಟ್ಟಿದರು.

ಇದೊಂದೇ ಅಲ್ಲ. 2010ರ ಏಪ್ರಿಲಿನಲ್ಲಿ ಏಯ್ಯಾಫ್ಯಾತ್ಲಾಯೋಕುತ್ಲ್ ಸ್ಫೋಟಿಸಿ ಯುರೋಪಿನ ವಿಮಾನಗಳೆಲ್ಲ ನಿಂತದ್ದು ನಿಮಗೆ ನೆನಪಿರಬಹುದು. ಆಗ ಮಾರ್ಕಾರ್‌ಫ್ಲ್ಯೋತ್ ನದಿಯ ಸೇತುವೆಯನ್ನು ಪ್ರವಾಹದಿಂದ ಉಳಿಸಲು ಅಲ್ಲಿನವರು ಹೆದ್ದಾರಿಯನ್ನು ತಾವೇ ಕೆಲವು ಕಡೆ ಕಡಿದು ನೀರಿಗೆ ದಾರಿ ಬಿಟ್ಟರು. 2011ರ ಜುಲೈನಲ್ಲಿ, ಪ್ರವಾಸಿಗರು ತುಂಬಿರುವ ಕಾಲದಲ್ಲಿಯೇ, ಮೂಲಾಕ್ವಿಸ್ಲ್ ನದಿಯ ಸೇತುವೆ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಸೇತುವೆ ಎದ್ದು ನಿಂತಿತು. ನಾವು ಮರಳಿ ಬಂದ ಐದು ತಿಂಗಳಿಗೆ, 2023ರ ನವೆಂಬರಿನಲ್ಲಿ, ವಿಮಾನ ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಗ್ರಿಂದಾವಿಕ್ ಪಟ್ಟಣವನ್ನೇ ತೆರವು ಮಾಡಿಸಬೇಕಾಯಿತು. 2024ರ ಫೆಬ್ರುವರಿಯ ಸ್ಫೋಟದಲ್ಲಿ ಲಾವಾ ರಸ್ತೆಯ ಮೇಲೆ ಹರಿದು, ಬಿಸಿನೀರಿನ ಕೊಳವೆಯನ್ನೂ ಮುರಿಯಿತು.

ಇಂಥ ದೇಶದಲ್ಲಿ ಪ್ರವಾಸದ ಯೋಜನೆ ರೈಲಿನ ವೇಳಾಪಟ್ಟಿಯಂತೆ ಇರಲಾಗದು. ‘ಥೆತ್ತಾ ರೆದ್ದಾಸ್ತ್’, ಎಂದರೆ ‘ಹೇಗೋ ಆಗುತ್ತದೆ ಬಿಡಿ’, ಎಂಬುದು ಅಲ್ಲಿನವರ ನುಡಿಗಟ್ಟು. ಅದನ್ನು ಉಡಾಫೆಯ ಮಾತೆಂದು ತಿಳಿಯಬಾರದು. ಕಡಿದ ರಸ್ತೆಯನ್ನು ಮತ್ತೆ ಕಟ್ಟಿಕೊಳ್ಳಬಲ್ಲೆವೆಂಬ ಅನುಭವದಿಂದ ಹುಟ್ಟಿದ ಮಾತು ಅದು. ಆ ಅನುಭವವಿಲ್ಲದ ನಾವು ಅದನ್ನು ಎರವಲು ಪಡೆದು ಹೊರಟರೆ ಅನರ್ಥವಾದೀತು.

ಇನ್ನು ಅಲ್ಲಿನ ಆಡಳಿತದ ಒಂದು ರೀತಿಯನ್ನು ಗಮನಿಸಬೇಕು. ಅಪಾಯವಿರುವ ಎಲ್ಲ ಕಡೆಯೂ ಬೇಲಿ ಹಾಕಿ ಕಾವಲುಗಾರನನ್ನು ನಿಲ್ಲಿಸುವ ಪದ್ಧತಿ ಅಲ್ಲಿಲ್ಲ. ಬೇಲಿಯ ಬದಲು ಮಾಹಿತಿಯನ್ನು ಕೊಡುತ್ತಾರೆ. ರಸ್ತೆ ಇಲಾಖೆಯಾದ ವೆಗಾಗೆರ್ದಿನ್ ಪ್ರತಿಯೊಂದು ರಸ್ತೆಯ ಸ್ಥಿತಿಯನ್ನು ತನ್ನ ಅಂತರಜಾಲ ತಾಣದಲ್ಲಿ ಬಣ್ಣಗಳಿಂದ ತೋರಿಸುತ್ತದೆ. 1777 ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ‘ಸೇಫ್‌ಟ್ರಾವೆಲ್’ ಎಂಬ ತಾಣದಲ್ಲಿ ನಿಮ್ಮ ಪ್ರಯಾಣದ ವಿವರವನ್ನು ಬರೆದಿಟ್ಟು ಹೊರಡಬಹುದು. ಕಪ್ಪುಮರಳಿನ ರೇನಿಸ್‌ಫ್ಯಾರಾ ಕಡಲತೀರದಲ್ಲಿ ಅನಿರೀಕ್ಷಿತವಾಗಿ ನುಗ್ಗುವ ಅಲೆಗಳಿಗೆ ಸಿಲುಕಿ ಹಲವರು ಜೀವ ಕಳೆದುಕೊಂಡಿದ್ದಾರೆ. ಅಲ್ಲಿ 2022ರಲ್ಲಿ ಎಚ್ಚರಿಕೆಯ ದೀಪವನ್ನು ಹಾಕಿದರು. ದೀಪ ಕೆಂಪಾಗಿರುವಾಗ ಮುಂದೆ ಹೆಜ್ಜೆ ಇಡದಿರುವ ವಿವೇಕ ಮಾತ್ರ ಪ್ರವಾಸಿಯದೇ ಆಗಿರಬೇಕು.

ಓದು ಬಲ್ಲವನನ್ನು ಆ ದೇಶ ವಯಸ್ಕನೆಂದು ಭಾವಿಸಿ ನಡೆಸಿಕೊಳ್ಳುತ್ತದೆ. ನನಗೆ ಆ ಪ್ರವಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇದು. ಆದರೆ ಓದದವನಿಗೆ ಅಲ್ಲಿ ರಿಯಾಯಿತಿ ಇಲ್ಲ.

ಈಗ ಯೋಜನೆಯ ವಿಚಾರ. ಮೊದಲು ನಿರ್ಧರಿಸಬೇಕಾದದ್ದು ಕಾಲ. ಜೂನ್ ಕೊನೆಯ ವಾರದಲ್ಲಿ ರೇಕ್ಯಾವಿಕ್‌ನಲ್ಲಿ ಸೂರ್ಯ ಮುಳುಗುವುದು ನಡುರಾತ್ರಿ ಕಳೆದ ಮೇಲೆ, ಮತ್ತೆ ಹುಟ್ಟುವುದು ಸುಮಾರು ಮೂರು ಗಂಟೆಗೆ. ನಡುವೆ ಕತ್ತಲೆಯೆಂಬುದೇ ಇಲ್ಲ. ಡಿಸೆಂಬರಿನಲ್ಲಾದರೋ ಹಗಲು ನಾಲ್ಕು ಗಂಟೆಯಷ್ಟು ಮಾತ್ರ. ಹಿಮದ ಮೇಲೆ ಕಾರು ಓಡಿಸಿ ಅಭ್ಯಾಸವಿಲ್ಲದ ನಮ್ಮವರು ಚಳಿಗಾಲದಲ್ಲಿ ಅಲ್ಲಿ ಸ್ವತಃ ಚಾಲನೆ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಉತ್ತರದ ಬೆಳಕನ್ನು ನೋಡುವ ಆಸೆಯಿದ್ದರೆ ಬಸ್ಸಿನಲ್ಲಿ ಹೋಗಿ. ಬೇಸಗೆಯಲ್ಲೂ ಒಂದು ಅಪಾಯವಿದೆ. ಕತ್ತಲಾಗದ ಕಾರಣ ‘ಇನ್ನೂ ಹೊತ್ತಿದೆ’ ಎಂದು ಕಣ್ಣು ಹೇಳುತ್ತಲೇ ಇರುತ್ತದೆ. ದೇಹ ದಣಿದದ್ದು ತಿಳಿಯುವುದಿಲ್ಲ. ಆದುದರಿಂದ ಸಂಜೆ ಆರಕ್ಕೆ ಎಲ್ಲಿದ್ದರೂ ಆ ದಿನದ ಚಾಲನೆ ಮುಗಿಯಬೇಕೆಂದು ನಾವು ಗಡಿಯಾರದ ಕಟ್ಟುಪಾಡನ್ನು ಹಾಕಿಕೊಂಡಿದ್ದೆವು.

ಎರಡನೆಯದು ದೂರದ ಲೆಕ್ಕ. ಡಾಂಬರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 90 ಕಿಲೋಮೀಟರ್, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ ಸಾಮಾನ್ಯವಾಗಿ 50. ಪಾಠಶಾಲೆಯ ಲೆಕ್ಕದ ಪ್ರಕಾರ 1,320 ಕಿಲೋಮೀಟರನ್ನು ಹದಿನೈದು ಗಂಟೆಗಳಲ್ಲಿ ಮುಗಿಸಬಹುದು. ಹೀಗೆ ಭಾಗಾಕಾರ ಮಾಡಿ ಐದೇ ದಿನಗಳಲ್ಲಿ ವರ್ತುಲವನ್ನು ಮುಗಿಸುವ ಯೋಜನೆಗಳನ್ನು ಜನ ಹಂಚಿಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ಗಾಳಿ, ಮಳೆ, ಮಂಜು, ಏಕಪಥ ಸೇತುವೆ, ರಸ್ತೆಗೆ ಬರುವ ಕುರಿ, ನಿಂತು ನೋಡಬೇಕೆನಿಸುವ ನೋಟ, ಇವು ಯಾವುವೂ ಆ ಭಾಗಾಕಾರದಲ್ಲಿ ಬರುವುದಿಲ್ಲ. ಹತ್ತು ದಿನಗಳಿಗಿಂತ ಕಡಿಮೆ ಅವಧಿಯಿದ್ದರೆ ವರ್ತುಲದ ಆಸೆ ಬಿಟ್ಟು ದಕ್ಷಿಣ ತೀರವನ್ನಷ್ಟೇ ನೋಡಿ ಬರುವುದು ಜಾಣತನ.

ನನ್ನ ಮಗಳು ಸಿದ್ಧಪಡಿಸಿದ ಮೊದಲ ಪಟ್ಟಿಯಲ್ಲಿ ನಲವತ್ತೆರಡು ಸ್ಥಳಗಳಿದ್ದವು. “ಅಪ್ಪಾ, ಇದರಲ್ಲಿ ಯಾವುದನ್ನು ಬಿಡಲಿ? ಮತ್ತೆ ಹೋಗುತ್ತೇವೆಯೇ?” ಎಂಬುದು ಅವಳ ವಾದ. “ಮತ್ತೆ ಹೋಗುವುದಿಲ್ಲವೆಂದೇ ಬಿಡಬೇಕಮ್ಮಾ, ನೋಡಿದ್ದನ್ನಾದರೂ ಸರಿಯಾಗಿ ನೋಡೋಣ” ಎಂದು ನಾನು ಕೆಂಪು ಶಾಯಿಯ ಪೆನ್ನು ಹಿಡಿದು ಕುಳಿತೆ. ಮೂರು ಸಂಜೆಗಳ ಚರ್ಚೆಯಾದ ಮೇಲೆ ಹನ್ನೊಂದು ದಿನಗಳಿಗೆ ಹತ್ತೊಂಬತ್ತು ಸ್ಥಳಗಳು ಉಳಿದವು. ಒಂದು ದಿನವನ್ನು ಪೂರ್ತಿ ಖಾಲಿ ಬಿಟ್ಟೆವು. ಬಿರುಗಾಳಿ ಬಂದರೆ ಆ ದಿನವನ್ನು ಅಲ್ಲಿ ಖರ್ಚು ಮಾಡುವುದು, ಬಾರದಿದ್ದರೆ ಇಷ್ಟವಾದ ಊರಿನಲ್ಲಿ ಇನ್ನೊಂದು ರಾತ್ರಿ ಉಳಿಯುವುದು. ಯೋಜನೆಯೆಂದರೆ ಏನನ್ನು ಬಿಡಬೇಕೆಂದು ನಿರ್ಧರಿಸುವ ಕೆಲಸ. ಅದು ಮನೆಯಲ್ಲಿಯೇ ಮುಗಿದಿದ್ದರೆ ದಾರಿಯಲ್ಲಿ ಜಗಳವಾಗುವುದಿಲ್ಲ.

ಭಾರತೀಯರಿಗೆ ಷೆಂಗೆನ್ ವೀಸಾ ಬೇಕು. ಕನಿಷ್ಠ 30,000 ಯುರೋಗಳ ವೈದ್ಯಕೀಯ ವಿಮೆ ಬೇಕು. ವೀಸಾ ಅರ್ಜಿಯಲ್ಲಿ ತಂಗುವ ಸ್ಥಳಗಳನ್ನು ತೋರಿಸಬೇಕಾದ್ದರಿಂದ ವಸತಿಯನ್ನು ಮುಂಗಡವಾಗಿ ಕಾದಿರಿಸಲೇಬೇಕು. ಆದರೆ ರದ್ದುಪಡಿಸಿದರೆ ಹಣ ಮರಳುವಂಥ ಕೊಠಡಿಗಳನ್ನೇ ಆರಿಸಿಕೊಳ್ಳಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಬದಲಿಸಲಾಗದ ಕೊಠಡಿಯನ್ನು ಕಾದಿರಿಸಿದವರು ಬಿರುಗಾಳಿಯಲ್ಲೂ ‘ಹಣ ಹೋಗುತ್ತದಲ್ಲಾ’ ಎಂದು ಕಾರು ಓಡಿಸುತ್ತಾರೆ. ವಾಹನದಲ್ಲೇ ಮಲಗಿ ಖರ್ಚು ಉಳಿಸೋಣವೆಂದರೆ, ಗೊತ್ತುಪಡಿಸಿದ ಶಿಬಿರತಾಣಗಳ ಹೊರಗೆ ಹಾಗೆ ಮಲಗುವುದನ್ನು 2015ರಿಂದ ಅಲ್ಲಿನ ಕಾನೂನು ನಿಷೇಧಿಸಿದೆ.

ಚಾಲನಾ ಪರವಾನಗಿಯಲ್ಲಿ ವಿವರಗಳು ಇಂಗ್ಲಿಷ್ ಲಿಪಿಯಲ್ಲಿರಬೇಕು. ಅಂತರರಾಷ್ಟ್ರೀಯ ಪರವಾನಗಿಯೂ ಜೊತೆಗಿದ್ದರೆ ಕ್ಷೇಮ. ಕಾರಿನ ವಿಮೆಯ ಕರಾರನ್ನು ಸಹಿ ಹಾಕುವ ಮೊದಲು ಓದಬೇಕು. ಸಿಡಿಯುವ ಜಲ್ಲಿಗೆ ಒಂದು ವಿಮೆ, ಮರಳು ಮತ್ತು ಬೂದಿಯ ಬಿರುಗಾಳಿಗೆ ಇನ್ನೊಂದು. ಗಾಳಿಗೆ ಬಾಗಿಲು ಕಿತ್ತುಬಂದರೆ ಬಹುಪಾಲು ವಿಮೆಗಳು ಕೈಬಿಡುತ್ತವೆ. ನಗಬೇಡಿ, ಅದು ಅಲ್ಲಿ ಆಗಾಗ ನಡೆಯುವ ಸಂಗತಿ. ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಬೇಕು, ಬಾಗಿಲನ್ನು ಎರಡೂ ಕೈಗಳಿಂದ ಹಿಡಿದು ತೆರೆಯಬೇಕು. ನಡುನಾಡಿನ ಬೆಟ್ಟದ ದಾರಿಗಳಿಗೆ ‘ಎಫ್’ ಅಕ್ಷರದ ಸಂಖ್ಯೆಗಳಿವೆ. ಅಲ್ಲಿಗೆ ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ವಾಹನ ಕಡ್ಡಾಯ. ನದಿಯನ್ನು ದಾಟುವಾಗ ಆಗುವ ಹಾನಿಗೆ ಸಾಮಾನ್ಯವಾಗಿ ವಿಮೆಯ ರಕ್ಷಣೆ ಇಲ್ಲ. ಮೊದಲ ಬಾರಿ ಹೋಗುವವರು ಆ ದಾರಿಗಳನ್ನು ಮರೆತುಬಿಡುವುದು ಒಳಿತು.

ನಮ್ಮವರಿಗೆ ಮತ್ತೊಂದು ತೊಡಕು, ರಸ್ತೆಯ ಬಲಬದಿಯಲ್ಲಿ ಸಾಗುವುದು. ಐಸ್‌ಲೆಂಡಿಗರೂ ಒಂದು ಕಾಲದಲ್ಲಿ ನಮ್ಮಂತೆ ಎಡಬದಿಯವರೇ ಆಗಿದ್ದರು. 1968ರ ಮೇ 26ರಂದು ಇಡೀ ದೇಶ ಒಂದೇ ದಿನ ಬಲಕ್ಕೆ ಬದಲಾಯಿತು. ದೇಶವೇ ಬದಲಾಗಬಹುದಾದರೆ ನಾವೂ ಬದಲಾಗಬಹುದು, ಆದರೆ ತಯಾರಿ ಬೇಕು. ಎರಡು ಪಥಗಳ ವೃತ್ತಗಳಲ್ಲಿ ಒಳಪಥದಲ್ಲಿರುವ ವಾಹನಕ್ಕೆ ಹೊರಬರುವಾಗ ಮೊದಲ ಹಕ್ಕು, ಹೊರಪಥದವರು ದಾರಿ ಬಿಡಬೇಕು ಎಂಬ ವಿಶೇಷ ನಿಯಮವಿದೆ. ಹಗಲಿನಲ್ಲೂ ದೀಪ ಉರಿಯುತ್ತಿರಬೇಕು. ಕಲಿಯಲೇಬೇಕಾದ ಫಲಕಗಳು ಕೆಲವೇ: ‘ಏನ್‌ಬ್ರೇದ್ ಬ್ರೂ’ ಎಂದರೆ ಏಕಪಥ ಸೇತುವೆ, ‘ಬ್ಲಿಂದ್‌ಹೈದ್’ ಎಂದರೆ ಎದುರಿನ ವಾಹನ ಕಾಣದ ದಿಬ್ಬ, ‘ಮಲ್ಬಿಕ್ ಎಂದಾರ್’ ಎಂದರೆ ಡಾಂಬರು ಇಲ್ಲಿಗೆ ಮುಗಿಯಿತು, ‘ಲೋಕಾದ್’ ಎಂದರೆ ಮುಚ್ಚಿದೆ. ನಾಲ್ವರೂ ಇವನ್ನು ಬಾಯಿಪಾಠ ಮಾಡಿಕೊಂಡೆವು. ಪರೀಕ್ಷೆ ತೆಗೆದುಕೊಂಡವನು ನಾನು.

ಇನ್ನು ಹೊರಡುವ ದಿನ. ಬೆಂಗಳೂರಿನಿಂದ ಯುರೋಪಿನ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸಿ ಕೆಫ್ಲಾವಿಕ್ ತಲುಪುವ ಹೊತ್ತಿಗೆ ಒಂದು ರಾತ್ರಿಯ ನಿದ್ದೆ ಹೋಗಿರುತ್ತದೆ. ಇಳಿದ ದಿನವೇ ದೂರದ ಚಾಲನೆ ಕೂಡದು. ವಿಮಾನ ನಿಲ್ದಾಣದಿಂದ ರಾಜಧಾನಿಗೆ ಇರುವ ಐವತ್ತು ಕಿಲೋಮೀಟರನ್ನು ನಾವು ಬಸ್ಸಿನಲ್ಲಿ ಹೋಗಿ, ಮಲಗಿ, ಮರುದಿನ ಬೆಳಿಗ್ಗೆ ಊರಿನೊಳಗೇ ಕಾರನ್ನು ಪಡೆದುಕೊಂಡೆವು. ಕಾರಿನ ನಾಲ್ಕೂ ಬದಿಯ ಛಾಯಾಚಿತ್ರ ತೆಗೆದುಕೊಂಡು, ಖಾಲಿ ವಾಹನ ನಿಲುಗಡೆಯಲ್ಲಿ ಅಳಿಯ ಅರ್ಧ ಗಂಟೆ ಸುತ್ತು ಹಾಕಿ ಎಡಗಡೆಯ ಸ್ಟೀರಿಂಗ್‌ಗೆ ಕೈ ಹೊಂದಿಸಿಕೊಂಡರು. ದಿನಸಿ ಅಂಗಡಿಯಲ್ಲಿ ರೈ ಬ್ರೆಡ್ಡು, ಹಣ್ಣು, ಮತ್ತು ನಮ್ಮ ಗಟ್ಟಿ ಮೊಸರನ್ನು ಹೋಲುವ ‘ಸ್ಕಿರ್’ ಕೊಂಡೆವು. ಶ್ರೀಮತಿಯ ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ಇದ್ದೇ ಇದ್ದವು. ಕುಡಿಯುವ ನೀರನ್ನು ಕೊಳ್ಳಬೇಕಾಗಿಲ್ಲ. ನಲ್ಲಿಯ ತಣ್ಣೀರು ಅತ್ಯಂತ ಶುದ್ಧ. ಬಿಸಿನೀರಿಗೆ ಮಾತ್ರ ಗಂಧಕದ ವಾಸನೆ. ಪೆಟ್ರೋಲ್ ಬಂಕುಗಳಲ್ಲಿ ಅನೇಕ ಕಡೆ ಆಳುಗಳಿಲ್ಲ, ಕಾರ್ಡು ತೂರಿಸಿ ರಹಸ್ಯ ಸಂಖ್ಯೆ ಒತ್ತಬೇಕು. ಕಾರ್ಡಿನ ಸಂಖ್ಯೆ ನೆನಪಿರದವರು ಮನೆಯಲ್ಲಿಯೇ ಅದನ್ನು ಸರಿಪಡಿಸಿಕೊಂಡು ಹೋಗಿ.

ಆ ದಿನದ ಗುರಿ ದಕ್ಷಿಣದ ವೀಕ್ ಎಂಬ ಊರು, ದೂರ 190 ಕಿಲೋಮೀಟರಿನೊಳಗೆ. ಹೆಲ್ಲಿಸ್‌ಹೈದಿ ಎಂಬ ಎತ್ತರದ ಬಯಲನ್ನು ಹತ್ತುವಾಗಲೇ ಭೂಮಿಯೊಳಗಿನ ಉಗಿಯನ್ನು ಸೆಳೆದು ವಿದ್ಯುತ್ತು ಉತ್ಪಾದಿಸುವ ಸ್ಥಾವರದ ಬಿಳಿ ಹೊಗೆ ಕಾಣಿಸಿತು. ಇಳಿಜಾರಿನ ಬುಡದ ಹ್ವೆರಾಗೆರ್ದಿಯಲ್ಲಿ ಅದೇ ಶಾಖದಿಂದ ಹಸಿರುಮನೆಗಳಲ್ಲಿ ತರಕಾರಿ ಬೆಳೆಯುತ್ತಾರೆ. ಸೆಲ್ಫೊಸ್ ದಾಟಿದ ಮೇಲೆ ಬಯಲು. ರಸ್ತೆಯ ಇಕ್ಕೆಲಗಳಲ್ಲಿ ನೇರಳೆ ಬಣ್ಣದ ಲುಪಿನ್ ಹೂವು, ದೂರದಲ್ಲಿ ಹಿಮದ ಟೋಪಿಯ ಬೆಟ್ಟಗಳು. ತಾಯಿ ಕುರಿ ರಸ್ತೆಯ ಒಂದು ಬದಿಗೂ ಮರಿ ಇನ್ನೊಂದು ಬದಿಗೂ ಇದ್ದರೆ ಮರಿ ಓಡಿಬಂದೇ ಬರುತ್ತದೆಂದು ಮೊದಲೇ ಓದಿದ್ದೆವು. ಅಳಿಯ ವೇಗ ತಗ್ಗಿಸಿದರು, ಮರಿ ಓಡಿಬಂದಿತು. “ಮಾವ, ನೀವು ಓದಿದ್ದು ಇಂದೇ ಪ್ರಯೋಜನಕ್ಕೆ ಬಂತು” ಎಂದರು. ಸೆಲ್ಯಾಲಾಂಡ್ಸ್‌ಫೊಸ್ ಜಲಪಾತದ ಬೆನ್ನ ಹಿಂದೆ ನಡೆದು, ಸ್ಕೋಗಾಫೊಸ್‌ನ ಅರವತ್ತು ಮೀಟರಿನ ಧಾರೆಯ ಎದುರು ನೆನೆದು, ಎರಡೂವರೆ ಗಂಟೆಯ ದಾರಿಯನ್ನು ಎಂಟು ಗಂಟೆಗಳಲ್ಲಿ ಕ್ರಮಿಸಿ ವೀಕ್ ತಲುಪಿದೆವು.

ನಾನು ಕಾರು ಓಡಿಸಲಿಲ್ಲ. ಮಗಳೂ ಅಳಿಯನೂ ಸರದಿಯ ಮೇಲೆ ಓಡಿಸಿದರು. ಪ್ರತಿದಿನ ಬೆಳಿಗ್ಗೆ ರಸ್ತೆಯ ಸ್ಥಿತಿ, ಗಾಳಿಯ ವೇಗ, ಎಚ್ಚರಿಕೆಗಳನ್ನು ಓದಿ ಹೇಳುವುದು ನನ್ನ ಕೆಲಸ. ಕಾಗದದ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ಮುಂದಿನ ಊರು ಯಾವುದೆಂದು ತಿಳಿಸುವುದೂ ನನ್ನದೇ. ಮೊಬೈಲಿನ ನಕ್ಷೆಯಿರುವಾಗ ಕಾಗದವೇಕೆಂದು ಕೇಳುವವರಿಗೆ 2016ರ ಒಂದು ಪ್ರಸಂಗವನ್ನು ಹೇಳುತ್ತೇನೆ. ಅಮೆರಿಕದ ಪ್ರವಾಸಿಯೊಬ್ಬ ರೇಕ್ಯಾವಿಕ್‌ನ ಹೋಟೆಲಿಗೆ ಹೋಗಲು ಬೀದಿಯ ಹೆಸರನ್ನು ಯಂತ್ರಕ್ಕೆ ಕೊಟ್ಟ. ಕಾದಿರಿಸಿದ ಪತ್ರದಲ್ಲಿ ಆ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿ ಸೇರಿತ್ತು. ಯಂತ್ರ ಹೇಳಿದಂತೆ ನಡೆದು ಆತ ಗಂಟೆಗಟ್ಟಲೆ ಕಾರು ಓಡಿಸಿ ದೇಶದ ಉತ್ತರ ತುದಿಯ ಸಿಗ್ಲುಫ್ಯೋರ್ದುರ್ ಎಂಬ ಊರಿಗೆ ತಲುಪಿದ. ಊರಿನವರು ನಕ್ಕು ಆದರಿಸಿದರು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಯಂತ್ರ ತಪ್ಪು ಮಾಡಲಿಲ್ಲ, ಹೇಳಿದ ಕೆಲಸವನ್ನೇ ಮಾಡಿತು. ದಿಕ್ಕಿನ ಕಲ್ಪನೆ ನಮ್ಮ ತಲೆಯಲ್ಲಿರಬೇಕು.

ಎಲ್ಲ ಪ್ರಸಂಗಗಳೂ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. 2018ರ ಡಿಸೆಂಬರ್ 27ರಂದು ನೂಪ್ಸ್‌ವೊತ್ನ್ ನದಿಯ ಏಕಪಥ ಸೇತುವೆಯ ಮೇಲಿಂದ ಬ್ರಿಟನ್ನಿನ ಪ್ರವಾಸಿ ಕುಟುಂಬದ ಕಾರು ಕೆಳಗುರುಳಿ, ಒಂದು ಹಸುಳೆಯೂ ಸೇರಿ ಮೂವರು ತೀರಿಕೊಂಡರು. ಈಗ ಅಲ್ಲಿ ಎರಡು ಪಥಗಳ ಹೊಸ ಸೇತುವೆ ಬಂದಿದೆ. ಯಾರ ತಪ್ಪೆಂದು ತೀರ್ಪು ಕೊಡಲು ನಾನು ಇದನ್ನು ಹೇಳುತ್ತಿಲ್ಲ. ಆ ರಸ್ತೆ ಎಷ್ಟು ಸುಂದರವೋ ಅಷ್ಟೇ ಕಠಿಣವೆಂಬುದನ್ನು ಛಾಯಾಚಿತ್ರಗಳು ಹೇಳುವುದಿಲ್ಲ, ಅದಕ್ಕಾಗಿ ಹೇಳುತ್ತಿದ್ದೇನೆ.

ಕೊನೆಯದಾಗಿ ಒಂದು ನೈತಿಕ ಪ್ರಶ್ನೆ. ಅಲ್ಲಿ 112ಕ್ಕೆ ಕರೆ ಮಾಡಿದರೆ ನಮ್ಮನ್ನು ಹುಡುಕಿಕೊಂಡು ಬಿರುಗಾಳಿಯಲ್ಲಿ ಬರುವವರು ಯಾರು? ಲಾಂದ್ಸ್‌ಬ್ಯೋರ್ಗ್ ಎಂಬ ರಕ್ಷಣಾ ಸಂಘದ ಸ್ವಯಂಸೇವಕರು. ಅವರಿಗೆ ಆ ಕೆಲಸಕ್ಕೆ ಸಂಬಳವಿಲ್ಲ. ಹಗಲು ಬಡಗಿಯೋ ಅಧ್ಯಾಪಕನೋ ರೈತನೋ ಆಗಿದ್ದವರು ಕರೆ ಬಂದೊಡನೆ ಎದ್ದು ಬರುತ್ತಾರೆ. ಹೊಸ ವರ್ಷದ ಪಟಾಕಿ ಮಾರಿ ಬಂದ ಹಣ ಅವರ ಸಂಘದ ಮುಖ್ಯ ಆದಾಯಗಳಲ್ಲಿ ಒಂದು. ‘ಲೋಕಾದ್’ ಎಂಬ ಫಲಕವನ್ನು ಕಂಡೂ ಮುಂದೆ ಹೋಗುವವನು ತನ್ನೊಬ್ಬನ ಪ್ರಾಣವನ್ನು ಮಾತ್ರ ಪಣವಾಗಿಡುವುದಿಲ್ಲ. ಯಾವುದೋ ಮನೆಯ ತಂದೆಯನ್ನೋ ಮಗಳನ್ನೋ ಆ ಚಳಿಗೆ ಎಳೆದು ತರುತ್ತಾನೆ. ಒಂದು ಛಾಯಾಚಿತ್ರಕ್ಕಾಗಿ ರಸ್ತೆ ಬಿಟ್ಟು ಪಾಚಿಯ ಮೇಲೆ ಕಾರು ಹತ್ತಿಸುವವನೂ ಹಾಗೆಯೇ: ಆ ಗಾಯ ಮಾಯಲು ದಶಕಗಳೇ ಬೇಕು. ಅಲ್ಲಿ ಅದು ದಂಡನೀಯ ಅಪರಾಧವೂ ಹೌದು.

ತಂಡದ ಪ್ರವಾಸವನ್ನು ನಾನು ಹೀಗಳೆಯುವುದಿಲ್ಲ. ಒಂಟಿಯಾಗಿ ಹೋಗುವ ಹಿರಿಯರಿಗೆ, ಚಾಲಕರು ಒಬ್ಬರೇ ಇರುವ ಕುಟುಂಬಕ್ಕೆ, ಚಳಿಗಾಲದ ಪ್ರವಾಸಿಗರಿಗೆ ಅದೇ ಸರಿಯಾದ ದಾರಿ. ಆದರೆ ತಂಡದಲ್ಲಿ ನಾವು ಎಣಿಸಲ್ಪಡುವ ತಲೆಗಳು. ಇಂತಿಷ್ಟು ಹೊತ್ತಿಗೆ ಇಳಿಯಿರಿ, ಇಂತಿಷ್ಟು ಹೊತ್ತಿಗೆ ಹತ್ತಿರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಸ್ವಂತ ಚಾಲನೆಯಲ್ಲಿ ಎಪ್ಪತ್ತರ ಹತ್ತಿರದವನಿಗೂ ಒಂದು ಹೊಣೆಯಿರುತ್ತದೆ. ಅವನು ಓದಿದ್ದಕ್ಕೆ ಬೆಲೆಯಿರುತ್ತದೆ. ಮಕ್ಕಳು ನಮ್ಮನ್ನು ಸಾಮಾನಿನಂತೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದಕ್ಕೂ ಸಹಪ್ರಯಾಣಿಕರನ್ನಾಗಿ ಕರೆದೊಯ್ಯುವುದಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ಅಳಿಸುವುದು ಅವರ ಕೈಯಲ್ಲಿ ಅರ್ಧ, ನಮ್ಮ ಕೈಯಲ್ಲಿ ಅರ್ಧ.

ಹೋಗುವ ಮನಸ್ಸಿರುವವರು ಈ ಸಂಜೆಯೇ ಒಂದು ದೊಡ್ಡ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಮನೆಯವರೆಲ್ಲ ಸುತ್ತ ಕುಳಿತು, ಪೆನ್ಸಿಲ್ ಹಿಡಿದು ಆರಂಭಿಸಿ. ಪೆನ್ಸಿಲ್ಲೇ ಇರಲಿ, ಅಳಿಸಲು ಬರುತ್ತದೆ.